ಇಪ್ಪತ್ತಾರು ತಲೆಮಾರು ಮತ್ತು ಒಂದು ಮರುಖರೀದಿ: ಫ್ಲಾರೆನ್ಸಿನ ಅಂತಿನೋರಿ ವೈನ್ ಮನೆತನದ ಪ್ರಕರಣ ಅಧ್ಯಯನ

1991ರಲ್ಲಿ ಪಿಯೆರೊ ಅಂತಿನೋರಿ ಅವರು ತಮ್ಮ ಮನೆತನದ ವೈನ್ ಕಂಪನಿಯಲ್ಲಿ ಬ್ರಿಟನ್ನಿನ ವ್ಹಿಟ್‌ಬ್ರೆಡ್ ಸಂಸ್ಥೆಗೆ ಇದ್ದ ಪಾಲನ್ನು ಮರಳಿ ಕೊಂಡುಕೊಂಡರು. ಅವರ ಪೂರ್ವಜ ಜೊವಾನ್ನಿ ದಿ ಪಿಯೆರೊ ಅಂತಿನೋರಿ ಫ್ಲಾರೆನ್ಸ್ ನಗರದ ವೈನ್ ವ್ಯಾಪಾರಿಗಳ ಸಂಘಕ್ಕೆ ಸೇರಿದ್ದು 1385ರಲ್ಲಿ. ಆರುನೂರು ವರ್ಷಗಳ ಲೆಕ್ಕ ಹೇಳಬಲ್ಲ ಕುಟುಂಬವೊಂದು ಆ ಆರುನೂರನೆಯ ವರ್ಷದ ಆಸುಪಾಸಿನಲ್ಲಿಯೇ ತನ್ನ ಕಂಪನಿಯ ಒಡೆತನವನ್ನು ಪರದೇಶದ ಸಂಸ್ಥೆಯೊಂದರ ಜೊತೆ ಹಂಚಿಕೊಳ್ಳಬೇಕಾದ ಸ್ಥಿತಿಗೆ ಬಂದಿತ್ತು ಎಂಬುದು ಈ ಮನೆತನವನ್ನು ಕುರಿತ ಬರಹಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಅದರ ಇತಿಹಾಸದ ಅತ್ಯಂತ ಮುಖ್ಯವಾದ ಘಟ್ಟ ಅದೇ ಎಂದು ನನಗೆ ತೋರುತ್ತದೆ. ಆದ್ದರಿಂದ ಈ ಅಧ್ಯಯನದಲ್ಲಿ ಹಳೆಯ ಶತಮಾನಗಳನ್ನು ಅಗತ್ಯವಿದ್ದಷ್ಟು ಮಾತ್ರ ನೋಡಿ, 1966ರಿಂದ ಈಚೆಗೆ ಒಡೆತನದ ಪ್ರಶ್ನೆ ಹೇಗೆ ಎದ್ದಿತು, ಹೇಗೆ ಬಗೆಹರಿಯಿತು, ಅದು ಮತ್ತೆ ಏಳದಂತೆ ಕುಟುಂಬ ಏನು ವ್ಯವಸ್ಥೆ ಮಾಡಿಕೊಂಡಿತು ಎಂಬುದನ್ನು ವಿವರವಾಗಿ ಪರಿಶೀಲಿಸಲಾಗಿದೆ.

ರೇಷ್ಮೆ, ಬ್ಯಾಂಕು, ಭೂಮಿ

ಮಧ್ಯಯುಗದ ಫ್ಲಾರೆನ್ಸಿನಲ್ಲಿ ವೃತ್ತಿ ಸಂಘಗಳಿಗೆ ಮೇಲು ಕೀಳಿನ ಕ್ರಮವಿತ್ತು. ಬ್ಯಾಂಕರುಗಳು, ರೇಷ್ಮೆ ಮತ್ತು ಉಣ್ಣೆಯ ವ್ಯಾಪಾರಿಗಳು, ನ್ಯಾಯವಾದಿಗಳು ಮೊದಲಾದವರ ಏಳು ದೊಡ್ಡ ಸಂಘಗಳ ಸಾಲಿನಲ್ಲಿ ವೈನ್ ವ್ಯಾಪಾರಿಗಳ ಸಂಘಕ್ಕೆ ಸ್ಥಾನವಿರಲಿಲ್ಲ. ಅಂತಿನೋರಿಗಳು ರೇಷ್ಮೆ ವ್ಯಾಪಾರ ಮತ್ತು ಹಣದ ವ್ಯವಹಾರದಿಂದಲೂ ಬೆಳೆದವರು. ಅವರ ಮಟ್ಟಿಗೆ ಆ ಕಾಲದಲ್ಲಿ ವೈನ್ ಎಂದರೆ ಹಳ್ಳಿಯ ಜಮೀನಿನಿಂದ ಬರುತ್ತಿದ್ದ ಉತ್ಪನ್ನಗಳಲ್ಲಿ ಒಂದು. ಎಣ್ಣೆ, ಧಾನ್ಯಗಳ ಜೊತೆಗೆ ನಗರದ ಮನೆಗೆ ಬರುತ್ತಿದ್ದ, ಮನೆಯ ಬಳಕೆಗೆ ಮಿಕ್ಕಿದ್ದನ್ನು ಮಾರುತ್ತಿದ್ದ ಸರಕು. ಬೋನಿ ಕುಟುಂಬಕ್ಕಾಗಿ 15ನೇ ಶತಮಾನದಲ್ಲಿ ಕಟ್ಟಿದ್ದ ಕಲ್ಲಿನ ಅರಮನೆಯನ್ನು ನಿಕೊಲೊ ಅಂತಿನೋರಿ 1506ರಲ್ಲಿ ಕೊಂಡುಕೊಂಡರು. ಇಂದಿಗೂ ಆ ಕಟ್ಟಡ ಅದೇ ಕುಟುಂಬದ ಕೈಯಲ್ಲಿದ್ದು, ಅದರ ಎದುರಿನ ಚೌಕಕ್ಕೆ ಮನೆತನದ ಹೆಸರೇ ಇದೆ.

ಆ ಅರಮನೆಯ ಗೋಡೆಯಲ್ಲಿ ಕಲ್ಲಿನ ಚೌಕಟ್ಟಿರುವ, ಮೇಲ್ಭಾಗ ಕಮಾನಿನಂತೆ ಬಾಗಿರುವ ಒಂದು ಪುಟ್ಟ ಕಿಂಡಿಯಿದೆ. ಒಂದು ಕುಪ್ಪಿಯನ್ನು ಒಳಗಿನಿಂದ ಹೊರಕ್ಕೆ ದಾಟಿಸುವಷ್ಟೇ ಅದರ ಅಳತೆ. ಫ್ಲಾರೆನ್ಸಿನ ಸಿರಿವಂತ ಭೂಮಾಲೀಕರು ತಮ್ಮ ತೋಟದ ವೈನನ್ನು ಅಂಗಡಿಯವನ ನೆರವಿಲ್ಲದೆ ಬೀದಿಯ ಗಿರಾಕಿಗೆ ನೇರವಾಗಿ ಮಾರಲು ಇಂಥ ಕಿಂಡಿಗಳನ್ನು ಮಾಡಿಸಿಕೊಳ್ಳುತ್ತಿದ್ದರು. 17ನೇ ಶತಮಾನದ ಪ್ಲೇಗಿನ ದಿನಗಳಲ್ಲಿ ಮುಟ್ಟಾಟವಿಲ್ಲದೆ ವ್ಯಾಪಾರ ನಡೆಸಲೂ ಅವು ಒದಗಿ ಬಂದವು. ದಲ್ಲಾಳಿಯನ್ನು ದೂರವಿಟ್ಟು ತಮ್ಮ ಸರಕನ್ನು ತಾವೇ ಮಾರುವ ಆ ಹಳೆಯ ರೂಢಿಗೂ 1957ರಲ್ಲಿ ಅದೇ ಅರಮನೆಯ ನೆಲಮಟ್ಟದಲ್ಲಿ ಕುಟುಂಬದವರು ತಮ್ಮದೇ ಊಟದ ಮನೆಯನ್ನು ತೆರೆದದ್ದಕ್ಕೂ ಇರುವ ನಂಟು ಎದ್ದು ಕಾಣುತ್ತದೆ.

ಆ ನಿಕೊಲೊ ಅವರೇ 1520ರ ದಶಕದ ಆರಂಭದಲ್ಲಿ ಜೊವಾನ್ನಿ ದೆಲ್ಲಾ ರೊಬ್ಬಿಯಾ ಎಂಬ ಶಿಲ್ಪಿಯಿಂದ ಸುಟ್ಟ ಮಣ್ಣಿನ, ಬಣ್ಣದ ಮೆರುಗುಳ್ಳ ಒಂದು ದೊಡ್ಡ ಅರ್ಧಚಂದ್ರಾಕಾರದ ಫಲಕವನ್ನು ಮಾಡಿಸಿದರು. ಸಮಾಧಿಯಿಂದ ಏಳುತ್ತಿರುವ ಕ್ರಿಸ್ತನ ಪಕ್ಕದಲ್ಲಿ ಮೊಣಕಾಲೂರಿ ಕೈಮುಗಿದಿರುವ ವ್ಯಕ್ತಿ ನಿಕೊಲೊ. ಸುತ್ತಲಿನ ಅಂಚಿನ ತುಂಬ ಹಣ್ಣು, ಎಲೆ, ಸಣ್ಣ ಪ್ರಾಣಿಗಳು. ಕಾಲಾಂತರದಲ್ಲಿ ಈ ಫಲಕ ಕುಟುಂಬದ ಕೈಬಿಟ್ಟು ಅಮೆರಿಕಕ್ಕೆ ಹೋಗಿ, 1898ರಿಂದ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿದೆ. ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ ಅದರ ಜೀರ್ಣೋದ್ಧಾರಕ್ಕೆ ಹಣ ಕೊಟ್ಟವರು ನಿಕೊಲೊ ಅವರ ವಂಶಸ್ಥರೇ. ಈ ಮನೆತನಕ್ಕೆ ತನ್ನ ಹಿಂದಿನವರ ನೆನಪು ಎಷ್ಟು ಹತ್ತಿರದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಆ ನೆನಪನ್ನೇ ಕಂಪನಿಯ ಬಾಳಿಕೆಗೆ ಕಾರಣವೆಂದು ಹೇಳಿಬಿಡುವುದು ಸರಿಯಾಗದು. ಹಳಮೆಯ ಹೆಮ್ಮೆ ಇಟಲಿಯ ಎಷ್ಟೋ ಶ್ರೀಮಂತ ಮನೆತನಗಳಿಗೆ ಇತ್ತು. ಅವುಗಳಲ್ಲಿ ಬಹುಪಾಲು ತಮ್ಮ ತೋಟಗಳನ್ನು ಉಳಿಸಿಕೊಳ್ಳಲಿಲ್ಲ.

ಕಂಪನಿಯಾದ ಕೃಷಿ

ಇಂದು ನಾವು ವೈನ್ ಉದ್ಯಮ ಎಂದು ಕರೆಯುವ ಅರ್ಥದಲ್ಲಿ ಅಂತಿನೋರಿಗಳ ವ್ಯವಹಾರ ಆರಂಭವಾದದ್ದು 19ನೇ ಶತಮಾನದ ಕೊನೆಯಲ್ಲಿ. ಪಿಯೆರೊ ಮತ್ತು ಲೊದೊವಿಕೊ ಎಂಬ ಇಬ್ಬರು ಸಹೋದರರು ಆಗ ತಮ್ಮ ಹೆಸರಿನಲ್ಲೇ ಸಂಸ್ಥೆಯನ್ನು ಕಟ್ಟಿ, ಫ್ಲಾರೆನ್ಸಿನ ದಕ್ಷಿಣಕ್ಕಿರುವ ಸಾನ್ ಕಶಾನೊದಲ್ಲಿ ದೊಡ್ಡ ನೆಲಮಾಳಿಗೆಗಳನ್ನು ಮಾಡಿಕೊಂಡು, ಹರಿದು ಹಂಚಿಹೋಗಿದ್ದ ತೋಟಗಳ ಉತ್ಪನ್ನವನ್ನು ಒಂದೆಡೆ ತಂದರು. ಆದ್ದರಿಂದ 26 ತಲೆಮಾರು ಎಂಬ ಮಾತನ್ನು ಓದುವಾಗ, ವೈನನ್ನೇ ಮುಖ್ಯ ಕಸುಬಾಗಿ ಮಾಡಿಕೊಂಡ ತಲೆಮಾರುಗಳು ಅವುಗಳಲ್ಲಿ ಕೊನೆಯ ನಾಲ್ಕೈದು ಮಾತ್ರ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಅವರ ಕೈಗೆ ಬಂದ ಕಿಯಾಂತಿಗೆ, ಅಂದರೆ ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತದ ಕೆಂಪು ವೈನಿಗೆ, ಆಗಲೇ ಒಂದು ಸೂತ್ರ ಸಿದ್ಧವಾಗಿತ್ತು. 1716ರಲ್ಲಿ ಟಸ್ಕನಿಯ ಆಡಳಿತಗಾರ ಮೂರನೆಯ ಕೋಸಿಮೊ ದೆ ಮೆದಿಚಿ ಕಿಯಾಂತಿ ಎಂಬ ಹೆಸರನ್ನು ಯಾವ ಯಾವ ಗಡಿಯೊಳಗೆ ಬೆಳೆದ ವೈನಿಗೆ ಬಳಸಬಹುದೆಂದು ಗೊತ್ತುಪಡಿಸಿದ್ದರು. 1872ರಲ್ಲಿ ಬ್ರೋಲಿಯೊ ಕೋಟೆಯ ಒಡೆಯರೂ ಇಟಲಿಯ ಮಾಜಿ ಪ್ರಧಾನಿಯೂ ಆಗಿದ್ದ ಬೆತ್ತಿನೊ ರಿಕಾಸೋಲಿ, ಸಾಂಜೊವೇಸೆ ಎಂಬ ಕಪ್ಪು ದ್ರಾಕ್ಷಿಯೇ ಮುಖ್ಯವಾಗಿರಬೇಕು, ಕನಾಯೋಲೊ ಅದರ ಬಿರುಸನ್ನು ತಗ್ಗಿಸಬೇಕು, ಬೇಗನೆ ಕುಡಿಯುವ ವೈನಿಗೆ ಮಾತ್ರ ಮಲ್ವಾಸಿಯಾ ಎಂಬ ಬಿಳಿ ದ್ರಾಕ್ಷಿ ಬೆರೆಸಬಹುದು ಎಂದು ಬರೆದಿದ್ದರು. ಮುಂದಿನ ಪೀಳಿಗೆಗಳು ಆ ಕೊನೆಯ ವಿನಾಯಿತಿಯನ್ನೇ ಹಿಗ್ಗಿಸಿಕೊಂಡವು. 1967ರಲ್ಲಿ ಸರ್ಕಾರ ಕಿಯಾಂತಿಗೆ ನಿಯಂತ್ರಿತ ಮೂಲದ ಮಾನ್ಯತೆ ಕೊಟ್ಟಾಗ ಬಿಳಿ ದ್ರಾಕ್ಷಿಯ ಪಾಲು ಶೇ. 10ರಿಂದ 30ರಷ್ಟು ಇರಲೇಬೇಕೆಂದು ಕಾನೂನಿನಲ್ಲಿಯೇ ಬರೆಯಲಾಯಿತು. ತೆಳುವಾಗಿ, ಹುಳಿಯಾಗಿ, ಒಂದೆರಡು ವರ್ಷದಲ್ಲಿ ಸೊರಗಿಹೋಗುವ ವೈನು ಹುಲ್ಲು ಹೆಣೆದ ಕುಪ್ಪಿಯಲ್ಲಿ ಅಗ್ಗವಾಗಿ ಮಾರಾಟವಾಗುತ್ತಿದ್ದ ಕಾಲ ಅದು.

ಮೊದಲ ಪಿಯೆರೊ ಅವರ ಮಗ ನಿಕೊಲೊ ಈ ಸೂತ್ರಕ್ಕೆ ಪೂರ್ತಿ ಒಪ್ಪಿಕೊಂಡವರಾಗಿರಲಿಲ್ಲ. ಅವರು 1928ರಲ್ಲಿ ವಿಲ್ಲಾ ಅಂತಿನೋರಿ ಎಂಬ ಹೆಸರಿನಲ್ಲಿ, ವರ್ಷಗಟ್ಟಲೆ ಇಟ್ಟು ಕುಡಿಯಬಹುದಾದ ಕಿಯಾಂತಿಯನ್ನು ಹೊರತಂದರು. 1940ರಲ್ಲಿ ಉಂಬ್ರಿಯಾ ಪ್ರಾಂತದ ಓರ್ವಿಯೇತೊ ಬಳಿಯ ಕಸ್ತೆಲ್ಲೊ ದೆಲ್ಲಾ ಸಾಲಾ ಎಂಬ 14ನೇ ಶತಮಾನದ ಕೋಟೆಯನ್ನು ಅದರ ಜಮೀನಿನ ಸಮೇತ ಕೊಂಡು, ಟಸ್ಕನಿಯ ಆಚೆಗೂ ಹೆಜ್ಜೆ ಇಟ್ಟರು. ಅವರ ಮದುವೆಯೂ ಈ ಕಥೆಗೆ ಮುಖ್ಯವಾದದ್ದು. ಅವರ ಪತ್ನಿ ಕಾರ್ಲೊತ್ತಾ ಸಮುದ್ರದ ದಡದ ಬೊಲ್ಗೇರಿ ಪ್ರದೇಶದ ದೊಡ್ಡ ಜಮೀನ್ದಾರರಾದ ದೆಲ್ಲಾ ಗೆರಾರ್ದೆಸ್ಕಾ ಮನೆತನದವರು. ಕಾರ್ಲೊತ್ತಾ ಅವರ ಸಹೋದರಿ ಕ್ಲಾರಿಚೆಯನ್ನು ಮದುವೆಯಾಗಿದ್ದವರು ಮಾರಿಯೊ ಇಂಚಿಸಾ ದೆಲ್ಲಾ ರೊಕೆತ್ತಾ. ಬೊಲ್ಗೇರಿಯ ತಮ್ಮ ತೋಟದಲ್ಲಿ ಫ್ರಾನ್ಸಿನ ಕ್ಯಾಬರ್ನೆ ದ್ರಾಕ್ಷಿಯನ್ನು 1940ರ ದಶಕದಲ್ಲಿ ನೆಟ್ಟು, ಮನೆಮಂದಿಯ ಬಳಕೆಗೆಂದು ಸಾಸಿಕಾಯಾ ಎಂಬ ವೈನ್ ಮಾಡುತ್ತಿದ್ದವರು ಅವರೇ. ಹೀಗೆ ಮಾವಂದಿರ, ಚಿಕ್ಕಮ್ಮಂದಿರ ಊಟದ ಮೇಜಿನ ಮೇಲೆ ಮುಂದಿನ ತಲೆಮಾರಿಗೆ ಬೇರೊಂದು ಬಗೆಯ ವೈನಿನ ರುಚಿ ಪರಿಚಯವಾಯಿತು.

1966ರ ಹಸ್ತಾಂತರ ಮತ್ತು ತಿನ್ಯಾನೆಲ್ಲೊ

ನಿಕೊಲೊ 1966ರಲ್ಲಿ ಹಿಂದೆ ಸರಿದು, 28 ವರ್ಷದ ಮಗ ಪಿಯೆರೊ ಅವರಿಗೆ ಕಂಪನಿಯನ್ನು ಒಪ್ಪಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಆರ್ನೊ ನದಿ ಉಕ್ಕಿ ಫ್ಲಾರೆನ್ಸ್ ನಗರವನ್ನು ಮುಳುಗಿಸಿತ್ತು. ಹಳ್ಳಿಗಾಡಿನಲ್ಲಿ ಇನ್ನೂ ದೊಡ್ಡ ಬದಲಾವಣೆ ನಡೆದಿತ್ತು. ರೈತ ಕುಟುಂಬ ಒಡೆಯನ ಜಮೀನಿನಲ್ಲಿ ವಾಸವಿದ್ದು, ದುಡಿದು, ಬೆಳೆಯ ಅರ್ಧವನ್ನು ಒಡೆಯನಿಗೆ ಕೊಡುತ್ತಿದ್ದ ಮೆಜ್ಜಾದ್ರಿಯಾ ಎಂಬ ಪಾಲು ಸಾಗುವಳಿ ಪದ್ಧತಿ ಶತಮಾನಗಳಿಂದ ಟಸ್ಕನಿಯ ಬದುಕನ್ನು ರೂಪಿಸಿತ್ತು. 1964ರ ಕಾನೂನು ಅಂಥ ಹೊಸ ಕರಾರುಗಳನ್ನು ನಿಷೇಧಿಸಿತು. ರೈತರು ಕಾರ್ಖಾನೆಗಳ ಕಡೆಗೆ ಹೊರಟುಹೋದರು. ಆಲಿವ್ ಮರ, ಗೋಧಿ, ದ್ರಾಕ್ಷಿ ಬಳ್ಳಿಗಳನ್ನು ಒಂದೇ ಹೊಲದಲ್ಲಿ ಬೆರೆಸಿ ಬೆಳೆಯುತ್ತಿದ್ದ ಭೂಮಿ ಪಾಳು ಬೀಳತೊಡಗಿತು. ಹಲವರು ಸಿಕ್ಕ ಬೆಲೆಗೆ ಜಮೀನು ಮಾರಿದರು. ಉಳಿದವರು ಬರಿಯ ದ್ರಾಕ್ಷಿಯ ತೋಟಗಳನ್ನು ಅವಸರದಲ್ಲಿ ಎಬ್ಬಿಸಿದರು. ಆ ಅವಸರದಲ್ಲಿ ನೆಟ್ಟ ಬಳ್ಳಿಗಳಲ್ಲಿ ಹೆಚ್ಚಿನವು ಇಳುವರಿಯನ್ನು ನೋಡಿ ಆರಿಸಿದವು, ಗುಣವನ್ನು ನೋಡಿ ಆರಿಸಿದವಲ್ಲ.

ಪಿಯೆರೊ ಅವರ ಜೊತೆಗೆ ಆಗ ಇದ್ದವರು ಜಾಕೊಮೊ ತಾಕಿಸ್, 1961ರಲ್ಲಿ ಕಂಪನಿಗೆ ಸೇರಿದ್ದ, ಉತ್ತರ ಇಟಲಿಯ ಪಿಯೆಮೊಂತೆ ಪ್ರಾಂತದ ವೈನ್ ತಜ್ಞರು. ಫ್ರಾನ್ಸಿನ ಬೋರ್ದೊ ವಿಶ್ವವಿದ್ಯಾಲಯದ ಎಮಿಲ್ ಪೇನೊ ಅವರ ಸಲಹೆಯನ್ನೂ ಇವರಿಬ್ಬರು ಪಡೆದರು. ಕೊಯ್ಲನ್ನು ತಡಮಾಡಿ ಹಣ್ಣನ್ನು ಚೆನ್ನಾಗಿ ಮಾಗಿಸುವುದು, ಮೊದಲ ಹುದುಗುವಿಕೆಯ ನಂತರ ವೈನಿನೊಳಗಿನ ಚೂಪಾದ ಮ್ಯಾಲಿಕ್ ಆಮ್ಲವನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುವ ಎರಡನೆಯ ಹಂತವನ್ನು ಅದರ ಪಾಡಿಗೆ ಬಿಡದೆ ಹತೋಟಿಯಲ್ಲಿ ನಡೆಸುವುದು, ಹಳೆಯ ಬೃಹತ್ ಪೀಪಾಯಿಗಳ ಬದಲಿಗೆ ಸುಮಾರು 225 ಲೀಟರಿನ ಸಣ್ಣ ಓಕ್ ಪೀಪಾಯಿಗಳಲ್ಲಿ ವೈನನ್ನು ಮಾಗಿಸುವುದು, ಇವು ಅವರು ತಂದ ಮುಖ್ಯ ಬದಲಾವಣೆಗಳು.

ಸಾನ್ ಕಶಾನೊದ ಬಳಿ, ಸಮುದ್ರ ಮಟ್ಟದಿಂದ 350ರಿಂದ 400 ಮೀಟರ್ ಎತ್ತರದಲ್ಲಿರುವ ತಿನ್ಯಾನೆಲ್ಲೊ ಎಂಬ ತೋಟದ 1970ರ ಬೆಳೆಯಿಂದ ಮಾಡಿದ ವೈನು ಕಿಯಾಂತಿ ಎಂಬ ಹೆಸರಿನಲ್ಲಿಯೇ ಹೊರಬಂದಿತು. 1971ರ ಬೆಳೆಯ ವೈನಿನಿಂದ ಕಿಯಾಂತಿ ಹೆಸರನ್ನು ಕೈಬಿಟ್ಟು, ತೋಟದ ಹೆಸರಾದ ತಿನ್ಯಾನೆಲ್ಲೊ ಎಂಬುದನ್ನು ಮಾತ್ರ ಉಳಿಸಿಕೊಂಡರು. ಕಾನೂನಿನ ಪ್ರಕಾರ ಅದಕ್ಕೆ ಸಿಕ್ಕಿದ್ದು ಸಾಮಾನ್ಯ ಟೇಬಲ್ ವೈನ್ ಎಂಬ ಅತ್ಯಂತ ಕೆಳಗಿನ ದರ್ಜೆ. ಕಿಯಾಂತಿಯ ನಾಡಿನ ಅತಿ ಹಳೆಯ ಹೆಸರುಗಳಲ್ಲಿ ಒಂದಾದ ಮನೆತನ ತನ್ನ ಅತ್ಯುತ್ತಮ ವೈನನ್ನು ಕಿಯಾಂತಿಯ ಮಾನ್ಯತೆಯಿಲ್ಲದೆ ಮಾರಾಟಕ್ಕಿಟ್ಟಿತು ಎಂಬುದನ್ನು ಈಗ ಓದುವಾಗ ಸಹಜವೆನಿಸಬಹುದು. ಆ ದಿನಗಳಲ್ಲಿ ಅದು ಬಹು ದೊಡ್ಡ ಪಣ. 1975ರ ಬೆಳೆಯಿಂದ ಬಿಳಿ ದ್ರಾಕ್ಷಿಯನ್ನು ಸಂಪೂರ್ಣವಾಗಿ ಬಿಟ್ಟರು. 1982ರಿಂದ ಇಂದಿನವರೆಗೆ ಅದರ ಮಿಶ್ರಣ ಸುಮಾರಾಗಿ ಹಾಗೆಯೇ ಇದೆ: ಶೇ. 80ರಷ್ಟು ಸಾಂಜೊವೇಸೆ, 15ರಷ್ಟು ಕ್ಯಾಬರ್ನೆ ಸಾವಿನ್ಯಾನ್, 5ರಷ್ಟು ಕ್ಯಾಬರ್ನೆ ಫ್ರಾಂ. ಬೆಳೆ ಮನಸ್ಸಿಗೆ ಬಾರದ ವರ್ಷಗಳಲ್ಲಿ, ಉದಾಹರಣೆಗೆ 1984, 1992 ಮತ್ತು 2002ರಲ್ಲಿ, ಈ ವೈನನ್ನು ಮಾಡಲೇ ಇಲ್ಲ. ಅದೇ ಬೆಟ್ಟದ ಇಳಿಜಾರಿನಲ್ಲಿ ಮುಖ್ಯವಾಗಿ ಕ್ಯಾಬರ್ನೆಯಿಂದ ಮಾಡಿದ ಸೊಲಾಯಾ 1978ರಲ್ಲಿ ಬಂದಿತು. ಅದರ 1997ರ ಬೆಳೆಯನ್ನು ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ 2000ನೇ ಇಸವಿಯ ಅತ್ಯುತ್ತಮ ವೈನ್ ಎಂದು ಆರಿಸಿತು.

ಕಾನೂನು ಈ ಬಾಟಲಿಗಳ ಹಿಂದೆ ನಿಧಾನವಾಗಿ ನಡೆದು ಬಂದಿತು. 1984ರಲ್ಲಿ ಕಿಯಾಂತಿಗೆ ಬೇಕಾದ ಬಿಳಿ ದ್ರಾಕ್ಷಿಯ ಪ್ರಮಾಣ ತೀರ ಇಳಿಯಿತು. 1992ರ ಕಾನೂನಿನಿಂದ ಇಂಥ ವೈನುಗಳಿಗೆ ಪ್ರಾದೇಶಿಕ ಗುರುತಿನ ಹೊಸ ದರ್ಜೆ ಸಿಕ್ಕಿತು. 1996ರಲ್ಲಿ ಕಿಯಾಂತಿ ಕ್ಲಾಸಿಕೊವನ್ನು, ಅಂದರೆ ಕಿಯಾಂತಿಯ ಹಳೆಯ ಮೂಲ ಪ್ರದೇಶದ ವೈನನ್ನು, ಸಾಂಜೊವೇಸೆಯೊಂದರಿಂದಲೇ ಮಾಡಲು ಅನುಮತಿ ಬಂತು. 2006ರಿಂದ ಅದರಲ್ಲಿ ಬಿಳಿ ದ್ರಾಕ್ಷಿಗೆ ಜಾಗವೇ ಇಲ್ಲದಾಯಿತು. ಮೂವತ್ತು ವರ್ಷಗಳ ಹಿಂದೆ ನಿಯಮದ ಹೊರಗೆ ನಿಂತು ಮಾಡಿದ್ದನ್ನು ನಿಯಮವೇ ಒಪ್ಪಿಕೊಂಡಂತಾಯಿತು.

ಇಲ್ಲಿ ಒಡೆತನದ ವಿಷಯ ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. ತೋಟವನ್ನು ಹೊಸದಾಗಿ ನೆಟ್ಟರೆ ಒಳ್ಳೆಯ ಹಣ್ಣು ಕೈಸೇರಲು ವರ್ಷಗಳೇ ಬೇಕು, ವೈನ್ ಮಾಗಲು ಮತ್ತೆರಡು ಮೂರು ವರ್ಷ. ಬೆಳೆ ಕೆಟ್ಟ ವರ್ಷ ಅತ್ಯಂತ ಹೆಸರಾದ ಬಾಟಲಿಯ ಆದಾಯವನ್ನೇ ಬಿಟ್ಟುಕೊಡಬೇಕು. ಪ್ರತಿವರ್ಷ ಲಾಭಾಂಶವನ್ನು ಎದುರು ನೋಡುವ ಹೂಡಿಕೆದಾರ ಜೊತೆಗಿದ್ದರೆ ಇಂಥ ತೀರ್ಮಾನಗಳು ಕಷ್ಟ. ತಿನ್ಯಾನೆಲ್ಲೊ ಹುಟ್ಟಿದ್ದು ಒಬ್ಬನ ಮಾತು ನಡೆಯುತ್ತಿದ್ದ ಕಂಪನಿಯಲ್ಲಿ ಎಂಬುದು ಆಕಸ್ಮಿಕವಲ್ಲವೆಂದು ನಾನು ಭಾವಿಸುತ್ತೇನೆ.

ಪಾಲು ಕೇಳಿದ ಒಡಹುಟ್ಟಿದವರು

ಪಿಯೆರೊ ಅವರಿಗೆ ಲೊದೊವಿಕೊ ಎಂಬ ತಮ್ಮ ಮತ್ತು ಇಲಾರಿಯಾ ಎಂಬ ಸಹೋದರಿ. ಹಳೆಯ ಫ್ಲಾರೆನ್ಸಿನ ಶ್ರೀಮಂತರು ಆಸ್ತಿಯನ್ನು ಒಡೆಯದಂತೆ ಹಿರಿಯ ಮಗನಿಗೆ ಸಾಗಿಸುವ ಕಟ್ಟುಪಾಡುಗಳನ್ನು ಇಟ್ಟುಕೊಂಡಿದ್ದರು. 18ನೇ ಶತಮಾನದ ಸುಧಾರಣೆಗಳು ಮತ್ತು ಆನಂತರ ಬಂದ ನೆಪೋಲಿಯನ್ನನ ಕಾನೂನು ಆ ಕಟ್ಟುಪಾಡುಗಳನ್ನು ತೆಗೆದುಹಾಕಿದವು. ಇಂದಿನ ಇಟಲಿಯ ನಾಗರಿಕ ಸಂಹಿತೆಯ ಪ್ರಕಾರ ಮಕ್ಕಳನ್ನು ಆಸ್ತಿಯಿಂದ ಹೊರಗಿಡುವಂತಿಲ್ಲ. ತಂದೆ ಅಥವಾ ತಾಯಿಯಲ್ಲಿ ಒಬ್ಬರು ತೀರಿಕೊಂಡು ಸಂಗಾತಿ ಇಲ್ಲದಿದ್ದಾಗ ಇಬ್ಬರು ಅಥವಾ ಹೆಚ್ಚು ಮಕ್ಕಳಿದ್ದರೆ ಆಸ್ತಿಯ ಮೂರರಲ್ಲಿ ಎರಡು ಭಾಗ ಅವರಿಗೆ ಸಮನಾಗಿ ಸಲ್ಲಲೇಬೇಕು. ಉಯಿಲು ಬರೆದರೂ ಅದನ್ನು ತಪ್ಪಿಸಲಾಗದು. ನ್ಯಾಯದ ದೃಷ್ಟಿಯಿಂದ ಇದು ಒಳ್ಳೆಯ ಕಾನೂನು. ಕಂಪನಿಯ ದೃಷ್ಟಿಯಿಂದ ಅದರ ಪರಿಣಾಮವೆಂದರೆ, ಪ್ರತಿ ತಲೆಮಾರಿನಲ್ಲೂ ಷೇರುಗಳು ಹಂಚಿಹೋಗುತ್ತವೆ. ವ್ಯವಹಾರ ನಡೆಸುವವನ ಜೊತೆಗೆ ನಡೆಸದವರೂ ಪಾಲುದಾರರಾಗುತ್ತಾರೆ. ಅವರಿಗೆ ತಮ್ಮ ಪಾಲು ಹಣದ ರೂಪದಲ್ಲಿ ಬೇಕೆನಿಸಿದಾಗ ಅದನ್ನು ಕೊಳ್ಳುವಷ್ಟು ಹಣ, ಸಂಪತ್ತೆಲ್ಲ ಬಳ್ಳಿ ಮತ್ತು ಪೀಪಾಯಿಗಳಲ್ಲಿ ಹೂತುಹೋಗಿರುವ ಕುಟುಂಬದ ಕೈಯಲ್ಲಿ ಇರುವುದಿಲ್ಲ.

1980ರ ದಶಕದಲ್ಲಿ ಆದದ್ದು ಇದೇ. ಲೊದೊವಿಕೊ ಮತ್ತು ಇಲಾರಿಯಾ ತಮ್ಮ ಪಾಲನ್ನು ಮಾರಲು ಬಯಸಿದರು. ಅದನ್ನು ತಾವೊಬ್ಬರೇ ಕೊಳ್ಳುವ ಶಕ್ತಿಯಿಲ್ಲದ ಪಿಯೆರೊ ಹೊರಗಿನ ಪಾಲುದಾರನನ್ನು ಹುಡುಕಿದರು. 1742ರಲ್ಲಿ ಆರಂಭವಾಗಿ ಬಿಯರಿನಿಂದ ಬೆಳೆದಿದ್ದ ಬ್ರಿಟನ್ನಿನ ವ್ಹಿಟ್‌ಬ್ರೆಡ್ ಆಗ ವೈನ್ ಮತ್ತು ಮದ್ಯದ ವ್ಯಾಪಾರವನ್ನೂ ಹಿಗ್ಗಿಸುತ್ತಿತ್ತು. ಕಂಪನಿಯ ಪಾಲು ಅದಕ್ಕೆ ಹೋಯಿತು. ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಅಟ್ಲಾಸ್ ಪೀಕ್ ಬೆಟ್ಟದಲ್ಲಿ ಸಾಂಜೊವೇಸೆ ಬೆಳೆಯುವ ದೊಡ್ಡ ಯೋಜನೆಯಲ್ಲಿ ವ್ಹಿಟ್‌ಬ್ರೆಡ್, ಶಾಂಪೇನ್ ತಯಾರಿಸುವ ಬೊಲಾಂಜೆ ಮತ್ತು ಅಂತಿನೋರಿ ಒಟ್ಟಿಗೆ ಕೈಹಾಕಿದ್ದೂ ಈ ಅವಧಿಯಲ್ಲಿಯೇ. ಆ ಮಣ್ಣಿನಲ್ಲಿ ಸಾಂಜೊವೇಸೆ ನಿರೀಕ್ಷಿಸಿದ ಫಲ ಕೊಡಲಿಲ್ಲ.

ಒಡಹುಟ್ಟಿದವರ ನಿರ್ಗಮನವನ್ನು ಮನೆತನಕ್ಕೆ ಬಗೆದ ದ್ರೋಹವೆಂಬಂತೆ ಚಿತ್ರಿಸುವುದು ಸುಲಭ. ಆದರೆ ನಡೆದದ್ದನ್ನು ಪೂರ್ತಿಯಾಗಿ ನೋಡಿದರೆ ಆ ತೀರ್ಪು ನಿಲ್ಲುವುದಿಲ್ಲ. ಲೊದೊವಿಕೊ 1981ರಲ್ಲಿ ಬೊಲ್ಗೇರಿಯಲ್ಲಿ ತಾಯಿಯ ಕಡೆಯಿಂದ ಬಂದ ಭೂಮಿಯಲ್ಲಿ ಒರ್ನೆಲ್ಲಾಯಾ ಎಂಬ ತಮ್ಮದೇ ತೋಟವನ್ನು ಎಬ್ಬಿಸಿದರು. 1985ರ ಬೆಳೆಯಿಂದ ಬಂದ ಅದರ ಮೊದಲ ವೈನೂ, ಆ ತೋಟದ ಜೇಡಿಮಣ್ಣಿನ ಒಂದು ತುಂಡು ನೆಲದಲ್ಲಿ ಮೆರ್ಲೊ ದ್ರಾಕ್ಷಿಯೊಂದರಿಂದಲೇ ಮಾಡಿದ ಮಸ್ಸೆತೊ ಎಂಬುದೂ ಇಂದು ಇಟಲಿಯ ಅತ್ಯಂತ ಬೆಲೆಬಾಳುವ ವೈನುಗಳ ಸಾಲಿನಲ್ಲಿವೆ. ಅಣ್ಣನ ಕಂಪನಿಯೊಳಗೆ ಎರಡನೆಯವರಾಗಿ ಉಳಿದಿದ್ದರೆ ಅವರಿಂದ ಅದಾಗುತ್ತಿತ್ತೇ ಎಂಬುದು ಸಂಶಯ. ಆದರೆ ಒರ್ನೆಲ್ಲಾಯಾ ಕೂಡ ಅವರ ಕೈಯಲ್ಲಿ ಉಳಿಯಲಿಲ್ಲ. ಅಮೆರಿಕದ ಮೊಂಡಾವಿ ಕಂಪನಿಯ ಮೂಲಕ ಸಾಗಿ, ಕೊನೆಗೆ ಫ್ಲಾರೆನ್ಸಿನ ಮತ್ತೊಂದು ಪ್ರಾಚೀನ ವೈನ್ ಮನೆತನವಾದ ಫ್ರೆಸ್ಕೊಬಾಲ್ದಿಗಳಿಗೆ ಸೇರಿತು. ಅಣ್ಣತಮ್ಮಂದಿರು 2001ರಲ್ಲಿ ಬೊಲ್ಗೇರಿಯ ಪಕ್ಕದ ಬಿಬ್ಬೋನಾದಲ್ಲಿ ಹೊಸ ತೋಟವೊಂದಕ್ಕೆ ಜೊತೆಯಾಗಿಯೇ ಕೈಹಾಕಿದರು ಎಂಬುದನ್ನೂ ಇಲ್ಲಿ ಹೇಳಬೇಕು.

ಮರುಖರೀದಿಯ ನಂತರ

1980ರ ದಶಕದ ಕೊನೆಗೆ ವ್ಹಿಟ್‌ಬ್ರೆಡ್ ತನ್ನ ಮದ್ಯ ವಿಭಾಗವನ್ನು ಅಲೈಡ್-ಲಯನ್ಸ್ ಸಂಸ್ಥೆಗೆ ಮಾರಿ ಆ ವ್ಯಾಪಾರದಿಂದ ಹೊರಬಂದಿತು. ದೊಡ್ಡ ಸಂಸ್ಥೆಯೊಂದನ್ನು ಪಾಲುದಾರನಾಗಿ ಇಟ್ಟುಕೊಳ್ಳುವುದರಲ್ಲಿ ಇರುವ ನಿಜವಾದ ಅಪಾಯ ಇಲ್ಲಿ ಕಾಣುತ್ತದೆ. ಆ ಸಂಸ್ಥೆಯ ಉದ್ದೇಶ ಕೆಟ್ಟದ್ದಾಗಿರಬೇಕೆಂದಿಲ್ಲ. ಅದರ ತಂತ್ರ ಬದಲಾದರೆ ಸಾಕು, ನಿಮ್ಮ ತೋಟದ ಪಾಲು ನಿಮಗೆ ಗುರುತೇ ಇಲ್ಲದ ಮೂರನೆಯವನ ಕೈಗೆ ಹೋಗಬಹುದು. ಪಿಯೆರೊ 1991ರಲ್ಲಿ ಆ ಪಾಲನ್ನು ಮರಳಿ ಪಡೆದು ಕಂಪನಿಯನ್ನು ಪೂರ್ತಿಯಾಗಿ ಕುಟುಂಬದ ಒಡೆತನಕ್ಕೆ ತಂದರು.

ನೆರೆಹೊರೆಯ ಮನೆತನಗಳನ್ನು ನೋಡಿದರೆ ಈ ಕೆಲಸದ ತೂಕ ತಿಳಿಯುತ್ತದೆ. ಕಿಯಾಂತಿಗೆ ಸೂತ್ರ ಬರೆದ ರಿಕಾಸೋಲಿಗಳ ವೈನ್ ವ್ಯವಹಾರ ಸೀಗ್ರಾಮ್ ಎಂಬ ಬಹುರಾಷ್ಟ್ರೀಯ ಸಂಸ್ಥೆಗೆ, ಅಲ್ಲಿಂದ ಆಸ್ಟ್ರೇಲಿಯಾದ ಕಂಪನಿಯೊಂದಕ್ಕೆ ಹೋಗಿ, ಬ್ರೋಲಿಯೊದ ಹೆಸರು ಮಸುಕಾದ ಮೇಲೆ 1993ರಲ್ಲಿ ಫ್ರಾಂಚೆಸ್ಕೊ ರಿಕಾಸೋಲಿ ಅದನ್ನು ಮರಳಿ ಪಡೆದು ತೋಟಗಳನ್ನು ಹೊಸದಾಗಿ ನೆಡಬೇಕಾಯಿತು. ಮೊಂತಲ್ಚಿನೊದಲ್ಲಿ ಬ್ರುನೆಲ್ಲೊ ವೈನಿಗೆ ರೂಪ ಕೊಟ್ಟ ಬಿಯೊಂದಿ ಸಾಂತಿ ಮನೆತನ 2010ರ ದಶಕದಲ್ಲಿ ತನ್ನ ಕಂಪನಿಯ ಬಹುಪಾಲನ್ನು ಫ್ರೆಂಚ್ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟಿತು. ಇವು ಅಸಡ್ಡೆಯ ಅಥವಾ ಅಸಮರ್ಥ ಕುಟುಂಬಗಳಾಗಿರಲಿಲ್ಲ. ಒಳ್ಳೆಯ ವೈನ್ ಮಾಡುವ ಕೌಶಲ ಒಡೆತನವನ್ನು ತಾನಾಗಿಯೇ ಕಾಯುವುದಿಲ್ಲ ಎಂಬುದಕ್ಕೆ ಈ ಎರಡು ಉದಾಹರಣೆಗಳು ಸಾಕು.

1980ರ ದಶಕದ ಕೊನೆಯಿಂದ ಅಂತಿನೋರಿಗಳ ವಿಸ್ತರಣೆ ವೇಗವಾಗಿ ನಡೆಯಿತು. ಕಿಯಾಂತಿಯ ಬದಿಯಾ ಅ ಪಸ್ಸಿನ್ಯಾನೊ ಮಠದ ಸುತ್ತಲಿನ ತೋಟ, ಮೊಂತೆಪುಲ್ಚಾನೊ ಮತ್ತು ಮೊಂತಲ್ಚಿನೊದ ಜಮೀನುಗಳು, ಪಿಯೆಮೊಂತೆಯ ಪ್ರುನೊತ್ತೊ ಎಂಬ ವೈನ್ ಸಂಸ್ಥೆ, 1998ರಲ್ಲಿ ದಕ್ಷಿಣದ ಪುಲಿಯಾದ ತೋಟಗಳು ಒಂದರ ಹಿಂದೊಂದು ಸೇರಿದವು. 1976ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ರುಚಿ ಸ್ಪರ್ಧೆಯಲ್ಲಿ ಫ್ರಾನ್ಸಿನ ವೈನುಗಳನ್ನು ಸೋಲಿಸಿದ್ದ ನಾಪಾದ ಸ್ಟ್ಯಾಗ್ಸ್ ಲೀಪ್ ವೈನ್ ಸೆಲರ್ಸ್ ಅನ್ನು 2007ರಲ್ಲಿ ಅಮೆರಿಕದ ಸಾಂತ್ ಮಿಶೆಲ್ ಕಂಪನಿಯ ಜೊತೆ ಸೇರಿ 18.5 ಕೋಟಿ ಡಾಲರಿಗೆ ಕೊಂಡು, 2023ರಲ್ಲಿ ಅದನ್ನು ಪೂರ್ತಿಯಾಗಿ ತಮ್ಮದಾಗಿಸಿಕೊಂಡರು. ಹೊರಗಿನ ವ್ಯವಹಾರಗಳಲ್ಲಿ ಪಾಲುದಾರರನ್ನು ಸೇರಿಸಿಕೊಳ್ಳಲು ಅವರು ಹಿಂಜರಿಯಲಿಲ್ಲ ಎಂಬುದನ್ನು ಗಮನಿಸಬೇಕು. ಮೂಲ ಕಂಪನಿಯ ಷೇರುಗಳ ವಿಷಯದಲ್ಲಿ ಮಾತ್ರ ಅವರ ನಿಲುವು ಬದಲಾಗಲಿಲ್ಲ.

ಮೂವರು ಹೆಣ್ಣುಮಕ್ಕಳು ಮತ್ತು 90 ವರ್ಷದ ಟ್ರಸ್ಟ್

ಪಿಯೆರೊ ಅವರಿಗೆ ಮೂವರು ಹೆಣ್ಣುಮಕ್ಕಳು: ಆಲ್ಬಿಯೇರಾ, ಅಲ್ಲೆಗ್ರಾ ಮತ್ತು ಅಲೆಸ್ಸಿಯಾ. ತಂದೆಯಿಂದ ಮಗನಿಗೆ ಎಂಬ ಸಾಲು ಹರಿದುಬಂದ ಮನೆತನದಲ್ಲಿ ಗಂಡು ಸಂತಾನವಿಲ್ಲದ್ದನ್ನು ವಂಶದ ಕೊನೆ ಎಂದು ನೋಡುವವರು ಆ ಕಾಲದ ಫ್ಲಾರೆನ್ಸಿನಲ್ಲಿ ಇದ್ದಿರಲು ಸಾಕು. ಆದರೆ ಮಕ್ಕಳು ಕೆಲಸ ಕಲಿತದ್ದು ಕಂಪನಿಯೊಳಗೇ. ಆಲ್ಬಿಯೇರಾ ಚಿಕ್ಕ ವಯಸ್ಸಿನಲ್ಲಿಯೇ ಪಿಯೆಮೊಂತೆಯ ಪ್ರುನೊತ್ತೊದ ಜವಾಬ್ದಾರಿಯನ್ನು ಹೊತ್ತುಕೊಂಡರು, ಅಂದರೆ ತಂದೆಯ ನೆರಳು ಅಷ್ಟಾಗಿ ಬೀಳದ, ಮನೆತನದ ಹೆಸರಿಗೆ ಟಸ್ಕನಿಯಲ್ಲಿರುವಷ್ಟು ತೂಕವಿಲ್ಲದ ಸ್ಥಳದಲ್ಲಿ ಪಳಗಿದರು. ಉತ್ತರಾಧಿಕಾರಿಯನ್ನು ತಯಾರು ಮಾಡುವ ಈ ಬಗೆ ನನಗೆ ಈ ಪ್ರಕರಣದ ಅತ್ಯಂತ ಬುದ್ಧಿವಂತ ನಡೆಗಳಲ್ಲಿ ಒಂದಾಗಿ ಕಾಣುತ್ತದೆ. 2016ರಲ್ಲಿ ಅವರು ಕಂಪನಿಯ ಅಧ್ಯಕ್ಷರಾದರು. ಆ ಹುದ್ದೆಗೆ ಬಂದ ಮನೆತನದ ಮೊದಲ ಮಹಿಳೆ ಅವರು. ದಿನನಿತ್ಯದ ಆಡಳಿತವನ್ನು 1970ರ ದಶಕದ ಕೊನೆಯಲ್ಲಿ ಉಂಬ್ರಿಯಾದ ಕೋಟೆಯ ತೋಟಕ್ಕೆ ಸೇರಿ, ತಾಕಿಸ್ ಅವರ ನಂತರ ವೈನ್ ತಯಾರಿಕೆಯ ಹೊಣೆ ಹೊತ್ತ ರೆಂಜೊ ಕೊತರೆಲ್ಲಾ ಅವರಿಗೆ ವಹಿಸಲಾಯಿತು. ಒಡೆತನ ಕುಟುಂಬದ್ದು, ಆಡಳಿತ ಕುಟುಂಬದ ಹೊರಗಿನವರದ್ದು.

2012ರಲ್ಲಿ ಎರಡು ಕೆಲಸಗಳು ಆದವು. ಮೊದಲನೆಯದು ಎಲ್ಲರಿಗೂ ಕಾಣುವಂಥದ್ದು. ಸಾನ್ ಕಶಾನೊದ ಬಳಿಯ ಬಾರ್ಜಿನೊದಲ್ಲಿ ವಾಸ್ತುಶಿಲ್ಪಿ ಮಾರ್ಕೊ ಕಸಮೊಂತಿ ಅವರ ಆರ್ಕೆಯಾ ಸಂಸ್ಥೆ ವಿನ್ಯಾಸಗೊಳಿಸಿದ ಹೊಸ ವೈನ್ ಕಟ್ಟಡ ತೆರೆಯಿತು. ಬೆಟ್ಟವನ್ನು ಬಗೆದು ಒಳಗೆ ಕಟ್ಟಿ, ಛಾವಣಿಯ ಮೇಲೆ ಮಣ್ಣು ಹರಡಿ ಬಳ್ಳಿ ನೆಟ್ಟಿರುವುದರಿಂದ ದೂರದಿಂದ ನೋಡಿದವರಿಗೆ ಇಳಿಜಾರಿನಲ್ಲಿ ಅಡ್ಡಲಾಗಿ ಸೀಳಿದ ಎರಡು ಗೆರೆಗಳು ಮಾತ್ರ ಕಾಣುತ್ತವೆ. ಪೀಪಾಯಿಗಳಿರುವ ಒಳಕೋಣೆಯ ಕಮಾನುಗಳಿಗೆ ಸುಟ್ಟ ಮಣ್ಣಿನ ಹೊದಿಕೆ. ಮಣ್ಣಿನ ತಂಪೇ ಅಲ್ಲಿನ ಉಷ್ಣಾಂಶವನ್ನು ಹತೋಟಿಯಲ್ಲಿಡುತ್ತದೆ. ಹಣ್ಣು ಮೇಲಿನಿಂದ ಒಳಬಂದು, ಪಂಪಿನ ಬಲವಂತವಿಲ್ಲದೆ ತನ್ನ ಭಾರದಿಂದಲೇ ಕೆಳಗಿನ ತೊಟ್ಟಿಗಳಿಗೆ ಇಳಿಯುತ್ತದೆ. ಕಂಪನಿಯ ಕಚೇರಿಯೂ ನಗರದ ಅರಮನೆಯಿಂದ ಇಲ್ಲಿಗೆ ಬಂದಿತು.

ಎರಡನೆಯ ಕೆಲಸ ಕಾಗದದ ಮೇಲೆ ನಡೆದದ್ದು. ಕುಟುಂಬದ ಷೇರುಗಳನ್ನು ಒಂದು ಟ್ರಸ್ಟಿನಲ್ಲಿ ಇಟ್ಟು, ಸುಮಾರು 90 ವರ್ಷಗಳ ಕಾಲ, ಅಂದರೆ ಮೂರು ತಲೆಮಾರಿನಷ್ಟು ಅವಧಿಗೆ, ಯಾರೂ ಅವುಗಳನ್ನು ಮಾರದಂತೆ ಮಾಡಲಾಯಿತು. ಇಟಲಿಯಲ್ಲಿ ಟ್ರಸ್ಟಿಗೆ ಸ್ವದೇಶಿ ಕಾನೂನಿಲ್ಲ; 1985ರ ಹೇಗ್ ಒಪ್ಪಂದವನ್ನು ಆ ದೇಶ ಅಂಗೀಕರಿಸಿರುವುದರಿಂದ 1992ರಿಂದ ಪರದೇಶದ ಕಾನೂನಿನಡಿ ರಚಿಸಿದ ಟ್ರಸ್ಟುಗಳಿಗೆ ಅಲ್ಲಿ ಮಾನ್ಯತೆ ಇದೆ. 2006ರಲ್ಲಿ ಬಂದ ಕುಟುಂಬ ಒಪ್ಪಂದದ ಕಾನೂನು ವ್ಯವಹಾರವನ್ನು ಒಬ್ಬ ಉತ್ತರಾಧಿಕಾರಿಗೆ ಕೊಟ್ಟು ಉಳಿದವರಿಗೆ ಪರಿಹಾರ ಕೊಡುವ ದಾರಿಯನ್ನು ತೆರೆದಿತ್ತಾದರೂ, ಮೂವರೂ ದುಡಿಯುತ್ತಿರುವ ಮನೆಯಲ್ಲಿ ಒಬ್ಬರನ್ನು ಆರಿಸುವುದು ಸರಿಹೊಂದುವ ಪರಿಹಾರವಾಗಿರಲಿಲ್ಲ. ಟ್ರಸ್ಟಿನಲ್ಲಿ ಮೂವರಿಗೂ ಅವರ ಮಕ್ಕಳಿಗೂ ಸ್ಥಾನವಿದೆ. 1980ರ ದಶಕದಲ್ಲಿ ಅವರ ಚಿಕ್ಕಪ್ಪ ಮತ್ತು ಅತ್ತೆ ಮಾಡಿದಂತೆ ಪಾಲನ್ನು ಹಣವಾಗಿಸಿಕೊಂಡು ಹೊರನಡೆಯುವ ಸ್ವಾತಂತ್ರ್ಯ ಮಾತ್ರ ಇಲ್ಲ.

ಈ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ, ಒಂದು ಆತಂಕವೂ ಇದೆ. ಲೊದೊವಿಕೊ ಹೊರನಡೆಯಲು ಸಾಧ್ಯವಾಗಿದ್ದರಿಂದಲೇ ಒರ್ನೆಲ್ಲಾಯಾ ಅಷ್ಟು ಮುಕ್ತವಾಗಿ ಬೆಳೆಯಿತು. ಇನ್ನೂ ಹುಟ್ಟದ ಮಕ್ಕಳ ಕೈಯನ್ನು 2100ರ ಆಚೆಯವರೆಗೆ ಕಟ್ಟಿದರೆ, ಕಂಪನಿಯಲ್ಲಿ ಮನಸ್ಸಿಲ್ಲದ ಆದರೆ ಬಿಡಲೂ ಆಗದ ಪಾಲುದಾರರು ಮುಂದೊಂದು ದಿನ ಕೂಡಿಕೊಳ್ಳಬಹುದು. ಮಾರಲಾಗದವರು ಆಡಳಿತದ ವಿಷಯದಲ್ಲಿ ಜಗಳ ತೆಗೆಯಬಹುದು. ಅಂಥ ಜಗಳವನ್ನು ತೀರ್ಮಾನಿಸುವ ಭಾರ ಟ್ರಸ್ಟಿಗಳ ಮೇಲೆ ಬೀಳುತ್ತದೆ, ಮತ್ತು ಟ್ರಸ್ಟಿಗಳ ಆಯ್ಕೆ ವೈನ್ ತಜ್ಞರ ಆಯ್ಕೆಯಷ್ಟೇ ಮುಖ್ಯವಾಗುತ್ತದೆ. ಅದೇ ಹೊತ್ತಿಗೆ, ತೋಟಕ್ಕೆ ಈಗ ಬೇಕಾಗಿರುವ ಕೆಲಸಗಳೂ ದೀರ್ಘಾವಧಿಯವು. ತಿನ್ಯಾನೆಲ್ಲೊದ ಬಳ್ಳಿ ಸಾಲುಗಳ ಬುಡದಲ್ಲಿ ಅದೇ ಹೊಲದಿಂದ ತೆಗೆದ ಆಲ್ಬೆರೇಸೆ ಎಂಬ ಬಿಳಿಯ ಸುಣ್ಣದ ಕಲ್ಲನ್ನು ಒಡೆದು ಹಾಸುತ್ತಾರೆ. ಅದು ಬೆಳಕನ್ನು ಗೊಂಚಲುಗಳ ಕಡೆಗೆ ಹಿಂದಿರುಗಿಸುತ್ತದೆ, ನೆಲದ ತೇವ ಬೇಗನೆ ಆರದಂತೆ ತಡೆಯುತ್ತದೆ. ಹಣ್ಣು ಮಾಗುವುದೇ ಕಷ್ಟವೆನಿಸಿದ್ದ ತಂಪು ವರ್ಷಗಳು ಹಿಂದೆ ಸರಿದು ಬಿಸಿಲಿನ ವರ್ಷಗಳು ಹೆಚ್ಚುತ್ತಿರುವ ಟಸ್ಕನಿಯಲ್ಲಿ ಯಾವ ತಳಿಯನ್ನು ಎಷ್ಟು ಎತ್ತರದಲ್ಲಿ ನೆಡಬೇಕು, ಯಾವ ಇಳಿಜಾರನ್ನು ಬಿಡಬೇಕು ಎಂಬ ಪ್ರಶ್ನೆಗಳಿಗೆ ಇಪ್ಪತ್ತು ಮೂವತ್ತು ವರ್ಷಗಳ ಲೆಕ್ಕದಲ್ಲಿ ಉತ್ತರ ಹುಡುಕಬೇಕು. ಆ ಲೆಕ್ಕವನ್ನು ಹಾಕುವ ಅವಕಾಶವನ್ನು ಟ್ರಸ್ಟ್ ಈ ಮನೆತನಕ್ಕೆ ಒದಗಿಸಿದೆ. ಆ ಅವಕಾಶವನ್ನು ಬಳಸಿಕೊಳ್ಳುವ ಆಸಕ್ತಿ ಮುಂದಿನ ತಲೆಮಾರಿನಲ್ಲಿ ಎಷ್ಟು ಮಂದಿಗೆ ಇರುತ್ತದೆ ಎಂಬುದನ್ನು ಯಾವ ಕರಾರಿನಲ್ಲೂ ಬರೆದಿಡಲಾಗದು.